ಪೋರ್ಟೊ ಸುತ್ತಮುತ್ತ: ಐದು ಯೂರೋ ಬಾಟ್ಲಿ, ಅದಕ್ಕೆ ಒಗ್ಗುವ ಊಟ

ಕಡಿಮೆ ದುಡ್ಡಿಗೆ ಒಳ್ಳೆಯ ವೈನು, ಅದಕ್ಕೆ ಒಗ್ಗುವ ಊಟ ಎರಡೂ ಒಂದೇ ಕಡೆ ಸಿಗಬೇಕೆಂದರೆ ಪೋರ್ಚುಗಲ್ಲಿನ ಉತ್ತರ ಭಾಗಕ್ಕೆ ಹೋಗಿ. ಪೋರ್ಟೊ ನಗರದಲ್ಲಿ ತಂಗಿ ಮೆಟ್ರೊ, ರೈಲುಗಳಲ್ಲೇ ಸುತ್ತಾಡಿದರೆ ಸಾಕು, ಬಾಡಿಗೆ ಕಾರು ಬೇಡ. ಇಲ್ಲಿನ ಸೂಪರ್‌ಮಾರ್ಕೆಟ್ಟಿನಲ್ಲಿ ಮೂರರಿಂದ ಆರು ಯೂರೋಗೆ ಸಿಗುವ ಬಾಟ್ಲಿಯೂ ಅಚ್ಚುಕಟ್ಟಾಗಿರುತ್ತದೆ. ಆದರೆ ಬರಿದೇ ಹೀರಿದಾಗ ಹುಳಿ ಅಥವಾ ಒಗರು ಎನಿಸುವ ವೈನು ಸರಿಯಾದ ಊಟದ ಜೊತೆ ಬೇರೆಯೇ ಆಗಿಬಿಡುತ್ತದೆ. ಹಾಗಾಗಿ ಏನು ತಿನ್ನಬೇಕು ಎಂದು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಬಾಟ್ಲಿ ಆರಿಸಿ.

ಹೋಗಲು ಒಳ್ಳೆಯ ಕಾಲ ಮೇ, ಜೂನ್ ಅಥವಾ ಸೆಪ್ಟೆಂಬರ್ ಕೊನೆ. ಜುಲೈ, ಆಗಸ್ಟಿನಲ್ಲಿ ಡೋರು ನದಿ ಕಣಿವೆಯ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ‘ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ’ ಎಂದು ಅಲ್ಲಿಯ ಜನರೇ ಹೇಳುವುದುಂಟು. ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಕೊಯ್ಲು ನಡೆಯುವುದರಿಂದ ತೋಟಗಳ ಭೇಟಿಗೆ ವಾರಗಟ್ಟಲೆ ಮೊದಲೇ ಹೆಸರು ಬರೆಸಬೇಕು. ಶೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಹಾಕಬಹುದು, ಕೊನೆಯ ವಾರದವರೆಗೆ ಕಾಯಬೇಡಿ.

ಹೋಟೆಲಿನಲ್ಲಿ ಕೂತ ಕೂಡಲೇ ಬ್ರೆಡ್ಡು, ಆಲಿವ್, ಸಣ್ಣ ಚೀಸ್ ತುಂಡು ತಂದಿಡುತ್ತಾರೆ. ‘ಕುವೇರ್’ ಎನ್ನುವ ಇದು ಬಿಟ್ಟಿಯಲ್ಲ, ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವೆಂದರೆ ಮೊದಲೇ ವಾಪಸ್ ಕಳಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ‘ದೋಸ್’ ಎಂದು ಬರೆದಿರುವ ಪ್ರಮಾಣ ಎಷ್ಟೋ ಕಡೆ ಇಬ್ಬರಿಗೆ ಸಾಕು. ಒಬ್ಬರಿಗೆ ‘ಮೇಯ ದೋಸ್’, ಅಂದರೆ ಅರ್ಧ, ಕೇಳಿ. ಮಧ್ಯಾಹ್ನದ ಊಟಕ್ಕೆ ‘ಪ್ರಾತು ದು ದಿಯ’ ಎಂಬ ದಿನದ ಊಟ ಅಗ್ಗ. ಜೊತೆಗೆ ಮನೆ ವೈನನ್ನು ಜಗ್ಗಿನಲ್ಲಿ ತರಿಸಿ. ಊರವರೇ ತುಂಬಿರುವ ಹೋಟೆಲಿನಲ್ಲಿ ಆ ಜಗ್ಗು ದಿನಾ ಖಾಲಿಯಾಗುತ್ತದೆ, ಆದ್ದರಿಂದ ವೈನು ತಾಜಾ ಇರುತ್ತದೆ. ನದಿ ದಂಡೆಯ ಪ್ರವಾಸಿ ಹೋಟೆಲುಗಳಿಗೆ ಈ ಮಾತು ಅನ್ವಯಿಸದು.

ಮೊದಲ ಮಧ್ಯಾಹ್ನವನ್ನು ಮೀನಿಗೆ ಇಡಿ. ಮೆಟ್ರೊದ ನೀಲಿ ಮಾರ್ಗ ಹಿಡಿದರೆ ಮಟೊಸಿನ್ಯೋಸ್ ಎಂಬ ಬಂದರು ಊರು ಸಿಗುತ್ತದೆ. ಅಲ್ಲಿಯ ಎರೊಯಿಸ್ ಡ ಫ್ರಾನ್ಸಾ ಬೀದಿಯಲ್ಲಿ ಹೋಟೆಲಿನವರು ಹೊರಗೇ ಇದ್ದಿಲ ಒಲೆ ಹಚ್ಚಿ ಮೀನು ಸುಡುತ್ತಾರೆ. ಬೂತಾಯಿಯ ಜಾತಿಯ ಸಾರ್ಡಿನ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಬ್ಬಿರುತ್ತದೆ, ಬೇರೆ ತಿಂಗಳಲ್ಲಿ ಬಹುತೇಕ ಫ್ರೀಜರಿನದು. ದೊಡ್ಡ ಮೀನಿನ ಬೆಲೆ ಕಿಲೋ ಲೆಕ್ಕದಲ್ಲಿ ಬರೆದಿರುತ್ತದೆ. ಒಲೆಗೆ ಹಾಕುವ ಮೊದಲೇ ತೂಗಿಸಿ ಬೆಲೆ ಕೇಳದಿದ್ದರೆ ಬಿಲ್ಲು ನೋಡಿ ಬೆಚ್ಚಬೇಕಾದೀತು.

ಇದಕ್ಕೆ ವಿನ್ಯೊ ವೆರ್ದೆಯನ್ನೇ ತರಿಸಿ. ಮಳೆ ಹೆಚ್ಚು ಬೀಳುವ ಮಿನ್ಯೊ ಪ್ರದೇಶದ ಈ ಬಿಳಿ ವೈನಿನಲ್ಲಿ ಆಲ್ಕೋಹಾಲು ಸಾಮಾನ್ಯವಾಗಿ ಶೇ 9ರಿಂದ 11.5, ಹುಳಿ ಚುರುಕು, ನಾಲಗೆಗೆ ಸಣ್ಣ ಗುಳ್ಳೆಯ ಕಚಗುಳಿ. ಆ ಗುಳ್ಳೆ ಈಗ ಬಹುಪಾಲು ಬಾಟ್ಲಿ ತುಂಬುವಾಗ ಸೇರಿಸಿದ ಇಂಗಾಲದ ಡೈಆಕ್ಸೈಡಿನದು. ಸಾರ್ಡಿನ್ನಿನ ಎಣ್ಣೆ ಬಾಯಿಗೆ ಮೆತ್ತಿಕೊಂಡಿದ್ದನ್ನು ಈ ಹುಳಿ ತೊಳೆದುಬಿಡುತ್ತದೆ. ಅದೇ ಮೀನಿಗೆ ಕೆಂಪು ವೈನು ಕುಡಿದರೆ ವೈನಿನ ಕಬ್ಬಿಣದಂಶ ಮೀನೆಣ್ಣೆಯ ಜೊತೆ ಸೇರಿ ತುಕ್ಕು ಹಿಡಿದಂಥ ರುಚಿ, ಮೀನಿನ ಕವುಲು ಎರಡೂ ಏಳುತ್ತವೆ. ಅಂಗಡಿಯಲ್ಲಿ ಕೊಳ್ಳುವಾಗ ವರ್ಷ ನೋಡಿ. ಮೂರ್ನಾಲ್ಕು ಯೂರೋದ ವಿನ್ಯೊ ವೆರ್ದೆ ಇಟ್ಟಷ್ಟೂ ಸಪ್ಪೆಯಾಗುತ್ತದೆ, ಹೊಸದಾದಷ್ಟೂ ಒಳ್ಳೆಯದು. ಚೀಟಿಯ ಮೇಲೆ ‘ಲೊರೇರೊ’ ಎಂಬ ದ್ರಾಕ್ಷಿಯ ಹೆಸರಿದ್ದರೆ ಹೂವಿನ ಪರಿಮಳ ಹೆಚ್ಚು. ಏಳೆಂಟು ಯೂರೋ ಕೊಡುವಿರಾದರೆ ಮೊನ್ಸಾಂವ್, ಮೆಲ್ಗಾಸೊ ಸೀಮೆಯ ‘ಅಲ್ವರಿನ್ಯೊ’ ತಗೊಳ್ಳಿ. ಅದು ಮೈಗಟ್ಟು ಇರುವ ವೈನು, ಆಲಿವ್ ಎಣ್ಣೆಯಲ್ಲಿ ಬೆಂದ ಆಕ್ಟೋಪಸ್ಸನ್ನೂ ತಡೆದುಕೊಳ್ಳುತ್ತದೆ. ಎರಡನ್ನೂ 8ರಿಂದ 10 ಡಿಗ್ರಿಗೆ ತಣ್ಣಗೆ ಮಾಡಿ ಕುಡಿಯಿರಿ.

ಮೀನಿಗೆ ಬಿಳಿಯದೇ ಎಂಬ ನಿಯಮಕ್ಕೆ ಇಲ್ಲಿ ಒಂದು ವಿನಾಯಿತಿ ಬಕಲ್ಯಾವ್, ಅಂದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ನೆನೆಸಿ ಉಪ್ಪು ಬಿಡಿಸಿದ ಮೇಲೆ ಇದರ ತಿರುಳು ಗಟ್ಟಿಯಾಗಿ ಪದರುಪದರಾಗಿರುತ್ತದೆ, ಜಿಡ್ಡು ತೀರ ಕಡಿಮೆ. ಆಲೂಗಡ್ಡೆ, ಈರುಳ್ಳಿ, ಬೇಯಿಸಿದ ಮೊಟ್ಟೆ ಸೇರಿಸಿ ಮಾಡುವ ಗೋಮ್ಸ್ ಡ ಸಾ ಬಗೆ ಪೋರ್ಟೊದ್ದೇ. ಅದಕ್ಕೆ ಎಳೆಯ ಕೆಂಪು ವೈನನ್ನೂ ಊರವರು ಕುಡಿಯುತ್ತಾರೆ, ಸರಿಹೋಗುತ್ತದೆ.

ಮರುದಿನ ಡೋರು ಕಣಿವೆಯ ರೈಲು ಹತ್ತಿ. ಸಾಂವ್ ಬೆಂಟೊ ಅಥವಾ ಕಂಪನ್ಯಾ ನಿಲ್ದಾಣದಿಂದ ಪಿನ್ಯಾಂವ್ ಎಂಬ ಸಣ್ಣ ಊರಿಗೆ ಸುಮಾರು ಎರಡೂವರೆ ಗಂಟೆ, ಕೆಲವು ಗಾಡಿಗಳಲ್ಲಿ ರೆಗ್ವಾದಲ್ಲಿ ಇಳಿದು ಬದಲಾಯಿಸಬೇಕು. ಸೀಟು ಕಾಯ್ದಿರಿಸುವ ವ್ಯವಸ್ಥೆ ಈ ಗಾಡಿಗಳಿಗಿಲ್ಲ. ಬೇಗ ಹೋಗಿ ಬಲಗಡೆ ಕಿಟಕಿ ಹಿಡಿಯಿರಿ, ನದಿ ಆ ಕಡೆಗೇ ಬರುವುದು. ಜೊತೆಯಲ್ಲಿ 65 ದಾಟಿದ ಹಿರಿಯರಿದ್ದರೆ ಪಾಸ್‌ಪೋರ್ಟ್ ತೋರಿಸಿ ಅರ್ಧ ದರದ ಟಿಕೆಟ್ ಕೇಳಿ. ಪಿನ್ಯಾಂವ್ ನಿಲ್ದಾಣದ ಗೋಡೆಯಲ್ಲಿ ಕೊಯ್ಲಿನ ದೃಶ್ಯಗಳಿರುವ 24 ನೀಲಿ ಹೆಂಚಿನ ಫಲಕಗಳಿವೆ. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿ ಬೊಂಫಿಂ, ರೊಯೇಡಾ, ಸೇತುವೆಯಾಚೆ ಕರ್ವಾಲ್ಯಾಸ್ ಎಂಬ ದ್ರಾಕ್ಷಿ ಎಸ್ಟೇಟುಗಳಿವೆ. ಮೂರಕ್ಕೂ ಹೋಗುವ ಆಸೆ ಬೇಡ. ಒಂದನ್ನು ಸಾವಕಾಶ ನೋಡಿ, ಸಂಜೆಯ ವಾಪಸ್ ಗಾಡಿಯ ಸಮಯವನ್ನು ಇಳಿದ ಕೂಡಲೇ ಖಚಿತಪಡಿಸಿಕೊಳ್ಳಿ, ಗಾಡಿಗಳು ಕಡಿಮೆ.

1756ರಲ್ಲೇ ಗಡಿ ಗೊತ್ತುಮಾಡಿದ ವೈನ್ ಸೀಮೆ ಇದು. ಕಲ್ಲು ಹಾಸಿನ ಮೆಟ್ಟಿಲು ತೋಟಗಳಲ್ಲಿ ಬಳ್ಳಿಯ ಬೇರು ಶಿಸ್ಟ್ ಬಂಡೆಯ ಬಿರುಕಿನಲ್ಲಿ ಆಳಕ್ಕಿಳಿದು ನೀರು ಹುಡುಕುತ್ತದೆ, ಹಣ್ಣು ಕಡಿಮೆ, ಸಿಪ್ಪೆ ದಪ್ಪ. ಆದ್ದರಿಂದಲೇ ಇಲ್ಲಿಯ ಸಾಮಾನ್ಯ ಕೆಂಪು ವೈನಿನಲ್ಲೂ ಬಣ್ಣ, ಒಗರು ಜಾಸ್ತಿ. ಟೊರಿಗಾ ನಾಸಿಯೊನಾಲ್, ಟೊರಿಗಾ ಫ್ರಾಂಕಾ, ಟಿಂಟಾ ರೊರಿಜ್ ಎಂಬ ದ್ರಾಕ್ಷಿಗಳ ಮಿಶ್ರಣ ಐದಾರು ಯೂರೋಗೆ ಧಾರಾಳ ಸಿಗುತ್ತದೆ. ಈ ಒಗರನ್ನು ಪಳಗಿಸುವುದು ಮಾಂಸದ ಪ್ರೋಟೀನು, ಕೊಬ್ಬು. ಒಲೆಯಲ್ಲಿ ಬೆಂದ ಆಡಿನ ಮರಿ, ಇಲ್ಲವೇ ಪೋರ್ಟೊದವರ ಹೆಮ್ಮೆಯಾದ ಬೀನ್ಸು ಹಾಕಿದ ಬೋಟಿ ಇದಕ್ಕೆ ತಕ್ಕ ಜೋಡಿ. ಬೇಸಿಗೆಯಲ್ಲಿ ಬಾಟ್ಲಿಯನ್ನು ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು 16–18 ಡಿಗ್ರಿಗೆ ಇಳಿಸಿ. ಬಿಸಿಯಾದರೆ ಆಲ್ಕೋಹಾಲು ಮೂಗಿಗೆ ಹೊಡೆಯುತ್ತದೆ.

ಸಸ್ಯಾಹಾರಿಗಳಿಗೆ ದಾರಿಯಿದೆ, ಆದರೆ ಎಚ್ಚರ ಬೇಕು. ಎಲೆಕೋಸಿನ ಜಾತಿಯ ಸೊಪ್ಪು, ಆಲೂಗಡ್ಡೆಯ ಸೂಪಾದ ಕಾಲ್ದು ವೆರ್ದೆಯಲ್ಲಿ ಹಂದಿ ಸಾಸೇಜಿನ ತುಂಡು ಹಾಕುತ್ತಾರೆ. ಅದನ್ನು ತೆಗೆದುಕೊಟ್ಟರೂ ರಸ ಮಾಂಸದ್ದಾಗಿರಬಹುದು, ಅದನ್ನು ಬೇರೆಯಾಗಿ ಕೇಳಿ. ಹುರುಳಿಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ‘ಪೆಯ್ಶೀನ್ಯುಶ್ ದ ಒರ್ತಾ’ ಸಿಕ್ಕಿದರೆ ಬಿಡಬೇಡಿ. ನಮ್ಮ ಬಜ್ಜಿಯಂತೆಯೇ ಗರಿಗರಿ, ವಿನ್ಯೊ ವೆರ್ದೆಗೆ ಹೇಳಿ ಮಾಡಿಸಿದ್ದು. ಇನ್ನು ಚೀಸ್. ಯುರೋಪಿನ ಬಹಳಷ್ಟು ಹಳೆಯ ಚೀಸ್‌ಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಸೆರ್ರಾ ಡ ಎಸ್ಟ್ರೆಲಾ ಮತ್ತು ಅಜೈತಾಂವ್ ಚೀಸ್‌ಗಳಿಗೆ ಮಾತ್ರ ಕುರಿ ಹಾಲಿಗೆ ಕಾರ್ಡೂನ್ ಎಂಬ ಮುಳ್ಳುಗಿಡದ ಒಣ ಹೂವಿನ ರಸ ಸಾಕು. ಹದವಾದ ಎಸ್ಟ್ರೆಲಾ ಒಳಗೆ ಬೆಣ್ಣೆಯಷ್ಟು ಮೆತ್ತಗಿರುತ್ತದೆ, ಮೇಲಿನ ಸಿಪ್ಪೆ ಕೊಯ್ದು ಚಮಚದಲ್ಲಿ ತೆಗೆದು ತಿನ್ನುವುದು. ಉಪ್ಪು, ಸ್ವಲ್ಪ ಕಹಿ ಇರುವ ಈ ಚೀಸಿಗೆ ಸಿಹಿಯಾದ ಪೋರ್ಟ್ ವೈನಿನಷ್ಟು ಹೊಂದುವುದು ಇನ್ನೊಂದಿಲ್ಲ.

ಊರಿಂದ ಒಯ್ದ ಚಟ್ನಿಪುಡಿ, ಉಪ್ಪಿನಕಾಯಿ ರೂಮಿನಲ್ಲಿ ಬಿಚ್ಚುವ ದಿನ ಡೋರು ಕೆಂಪನ್ನು ತೆರೆಯಬೇಡಿ. ಶೇ 14ರ ಆಲ್ಕೋಹಾಲು ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ, ಒಗರು ಇನ್ನಷ್ಟು ಒರಟಾಗುತ್ತದೆ. ತುಸು ಸಿಹಿಯಿರುವ ಶೇ 9ರ ವಿನ್ಯೊ ವೆರ್ದೆ ಸಾಕು.

ಪೋರ್ಟ್ ವೈನಿಗೆ ನದಿಯಾಚೆಯ ವಿಲಾ ನೋವಾ ಡ ಗಾಯಾಕ್ಕೆ ಹೋಗಬೇಕು. 1886ರಲ್ಲಿ ತೆರೆದ ಲೂಯಿಸ್ ಸೇತುವೆಯ ಮೇಲಂತಸ್ತಿನಲ್ಲಿ ನಡೆದೇ ದಾಟಿ. ದ್ರಾಕ್ಷಿ ರಸ ಹುದುಗುತ್ತಿರುವಾಗ, ಸಿಹಿ ಇನ್ನೂ ಉಳಿದಿರುವಂತೆಯೇ, ಶೇ 77ರ ದ್ರಾಕ್ಷಿ ಸ್ಪಿರಿಟ್ ಸುರಿಯುತ್ತಾರೆ. ಹಳೆಯ ಲೆಕ್ಕ 435 ಲೀಟರ್ ರಸಕ್ಕೆ 115 ಲೀಟರ್. ಯೀಸ್ಟ್ ಸತ್ತು ಸಿಹಿ ಉಳಿಯುತ್ತದೆ, ಆಲ್ಕೋಹಾಲು ಶೇ 20ರ ಆಸುಪಾಸಿಗೆ ಏರುತ್ತದೆ. ಗೋವಾದಲ್ಲಿ ಇದೇ ಹೆಸರಿನಲ್ಲಿ ಮಾರುವ ಸಿಹಿ ವೈನು ಕುಡಿದು ಬೇಡವೆನಿಸಿದವರೂ ಇಲ್ಲಿ ಇನ್ನೊಮ್ಮೆ ನೋಡಬೇಕು, ಅದು ಬೇರೆ ಇದು ಬೇರೆ. ವೈನು ಮಾಗಿಸುವ ಗೋದಾಮಿನ ಪ್ರವಾಸ, ಎರಡು ಮೂರು ಗ್ಲಾಸು ಸೇರಿ ಇಪ್ಪತ್ತು ಯೂರೋ ಹತ್ತಿರ ಕೇಳುತ್ತಾರೆ. ಒಂದು ಪ್ರವಾಸ ಸಾಕು, ಮಿಕ್ಕ ಕಡೆ ಗ್ಲಾಸಿನ ಲೆಕ್ಕದಲ್ಲಿ ತರಿಸಿ. ಬೆಳಿಗ್ಗೆಯೇ ಹೋದರೆ ನಾಲಗೆ ಚುರುಕಾಗಿರುತ್ತದೆ. ನಾಲ್ಕನೆಯ ಗ್ಲಾಸಿನ ಹೊತ್ತಿಗೆ ಸಿಹಿ ಬಿಟ್ಟು ಬೇರೇನೂ ತಿಳಿಯದು.

ದುಡ್ಡು ಬಿಚ್ಚುವುದಿದ್ದರೆ ಈ ಇಡೀ ಪ್ರವಾಸದಲ್ಲಿ ಹತ್ತು ವರ್ಷದ ‘ಟಾನಿ’ ಎಂಬ ಬಗೆಯ ಪೋರ್ಟಿಗೆ ಬಿಚ್ಚಿ. ಹದಿನೈದರಿಂದ ಇಪ್ಪತ್ತೈದು ಯೂರೋ. ಮರದ ಪೀಪಾಯಿಯಲ್ಲಿ ಗಾಳಿಯಾಡುತ್ತಾ ಕಳೆದ ವರ್ಷಗಳಿಂದ ಬಾದಾಮಿ, ಒಣ ಅಂಜೂರ, ಕ್ಯಾರಮೆಲ್ ಪರಿಮಳ ಬಂದಿರುತ್ತದೆ. ಮೊಟ್ಟೆಯ ಹಳದಿಯಿಂದ ಮಾಡುವ ಅಲ್ಲಿಯ ಸಿಹಿತಿಂಡಿಗಳಿಗೂ ಹೊಂದುತ್ತದೆ. ಚಾಕೊಲೇಟಿಗೆ ಮಾತ್ರ ಟಾನಿಗಿಂತ ಹಣ್ಣಿನ ರುಚಿಯ ರೂಬಿ ಪೋರ್ಟ್, ಅಥವಾ ಒಂದೇ ವರ್ಷದ ಬೆಳೆಯಿಂದ ಮಾಡಿ ತಡವಾಗಿ ಬಾಟ್ಲಿಗೆ ತುಂಬುವ ‘ಎಲ್‌ಬಿವಿ’ ಪೋರ್ಟ್ ಮೇಲು.

ಮಾಂಸ ತಿನ್ನುವವರು ಕೊನೆಯ ದಿನ ಮಿಯಲ್ಯಾಡಾಕ್ಕೆ ಹೋಗಿ ಬನ್ನಿ. ಅವೇರೊದಲ್ಲಿ ಗಾಡಿ ಬದಲಿಸಿ ಕೊಯಿಂಬ್ರಾ ಕಡೆಯ ಪ್ಯಾಸೆಂಜರ್ ಹಿಡಿದರಾಯಿತು. ಬೆಳ್ಳುಳ್ಳಿ, ಕಾಳುಮೆಣಸು, ಹಂದಿ ಕೊಬ್ಬಿನ ಮಸಾಲೆ ತುಂಬಿ ಸೌದೆ ಒಲೆಯಲ್ಲಿ ಸುಟ್ಟ ಎಳೆ ಹಂದಿಮರಿ, ಜೊತೆಗೆ ಕಿತ್ತಳೆ ಬಿಲ್ಲೆ. ಇದಕ್ಕೆ ಅಲ್ಲಿಯವರು ಕುಡಿಯುವುದು ಬೈರ್ರಾಡಾ ಸೀಮೆಯ ಗುಳ್ಳೆ ವೈನು, ಅದರಲ್ಲೂ ‘ಬ್ರೂತು’ ಎಂದು ಬರೆದ, ಸಿಹಿಯಿಲ್ಲದ್ದು. ಕೊಬ್ಬಿನ ಊಟಕ್ಕೆ ಹುಳಿಯೂ ಗುಳ್ಳೆಯೂ ಒಟ್ಟಿಗೆ ಸಿಕ್ಕುವುದರಿಂದ ಕೊನೆಯ ತುತ್ತಿನವರೆಗೆ ಬಾಯಿ ಮಂಕಾಗುವುದಿಲ್ಲ. ಆರೇಳು ಯೂರೋಗೆ ಇಂಥ ಬಾಟ್ಲಿ ಫ್ರಾನ್ಸಿನಲ್ಲಿ ಸಿಗುವುದು ಕಷ್ಟ.

ಊರಿಗೆ ತರುವಾಗ ತಲಾ ಎರಡು ಲೀಟರಿಗೆ ಸುಂಕವಿಲ್ಲ. 750 ಮಿಲಿಯ ಎರಡು, 375 ಮಿಲಿಯ ಒಂದು ಬಾಟ್ಲಿ ಈ ಮಿತಿಯೊಳಗೆ ಬರುತ್ತವೆ. ಸೂಪರ್‌ಮಾರ್ಕೆಟ್ಟಿನಲ್ಲಿ ಕೊಂಡದ್ದನ್ನು ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಚೆಕ್-ಇನ್ ಪೆಟ್ಟಿಗೆಯ ನಡುವೆ ಇಡಿ. ಡ್ಯೂಟಿ ಫ್ರೀಯಲ್ಲಿ ಕೊಂಡಿದ್ದು ಮುಂಬಯಿ ಅಥವಾ ದೆಹಲಿಯಲ್ಲಿ ವಿಮಾನ ಬದಲಿಸಿ ಬೆಂಗಳೂರಿಗೆ ಬರುವುದಾದರೆ, ಕಸ್ಟಮ್ಸ್ ದಾಟಿದ ಮೇಲೆ ಅದನ್ನೂ ಪೆಟ್ಟಿಗೆಗೆ ಸೇರಿಸಿಯೇ ಮತ್ತೆ ಒಪ್ಪಿಸಿ. ತರುವುದಾದರೆ ಟಾನಿಯನ್ನೇ ತನ್ನಿ. ಪ್ಲಾಸ್ಟಿಕ್ ತಲೆಯ ಬಿರಡೆ ಇರುವ ಬಾಟ್ಲಿಯನ್ನು ನಿಲ್ಲಿಸಿಯೇ ಇಡಬೇಕು. ತೆರೆದ ಮೇಲೆ ಫ್ರಿಜ್ಜಿನಲ್ಲಿ ಒಂದು ತಿಂಗಳು ಕೆಡುವುದಿಲ್ಲ, ಎಲ್‌ಬಿವಿ ಒಂದು ವಾರ, ಬಾಟ್ಲಿಯಲ್ಲೇ ಮಾಗುವ ವಿಂಟೇಜ್ ಪೋರ್ಟ್ ಎರಡು ಮೂರು ದಿನ ಅಷ್ಟೇ.