ಕೊಕ್ಕರೆ ಬೆಳ್ಳೂರಿನ ಹುಣಸೆ ಲೆಕ್ಕ

ಹೊಸ ಹೆದ್ದಾರಿಯಲ್ಲಿ ಬೈಕಿಗೆ ಪ್ರವೇಶವಿಲ್ಲ. ಹಾಗಾಗಿ ಬೆಂಗಳೂರಿನಿಂದ ಹೊರಟ ನನಗೂ ಗೆಳೆಯನಿಗೂ ರಾಮನಗರ, ಚನ್ನಪಟ್ಟಣಗಳ ಹಳೆಯ ರಸ್ತೆಯೇ ಗತಿಯಾಯಿತು. ಅದರಿಂದ ನಷ್ಟವೇನೂ ಆಗಲಿಲ್ಲ, ರುದ್ರಾಕ್ಷಿಪುರದ ತಿರುವು ಸಿಗುವುದು ಹಳೆಯ ರಸ್ತೆಯಲ್ಲೇ. ಅಲ್ಲಿ ಎಡಕ್ಕೆ ಹೊರಳಿ ಹನ್ನೆರಡು ಕಿಲೋಮೀಟರಿನಷ್ಟು ಒಳಗೆ ಹೋಗಬೇಕು. ಕಬ್ಬಿನ ಗದ್ದೆ, ತೆಂಗಿನ ತೋಟ, ಹಿಪ್ಪುನೇರಳೆ ಸೊಪ್ಪು ಹೇರಿಕೊಂಡ ಮೊಪೆಡ್. ಮದ್ದೂರು ತಾಲ್ಲೂಕಿನ ಬೇರೆ ಹಳ್ಳಿಗಳ ದಾರಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಊರು ಬಂತೆಂದು ಮೊದಲು ತಿಳಿಯುವುದು ಮೂಗಿಗೆ: ಹಿಕ್ಕೆಯ ಘಾಟು, ಅದರೊಂದಿಗೆ ಕೊಳೆತ ಮೀನಿನ ನಾತ. ಹಕ್ಕಿಗಳ ಊರಿನ ಬಗ್ಗೆ ಬರೆಯುವವರು ಇದನ್ನು ಏಕೋ ಬಿಟ್ಟುಬಿಡುತ್ತಾರೆ.

ರಂಗನತಿಟ್ಟಿನಲ್ಲಿ ದೋಣಿ ಹತ್ತಬೇಕು. ಇಲ್ಲಿ ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಸಾಕು. ಮಾರ್ಚ್ ತಿಂಗಳ ಬೆಳಗು. ಹೆಂಚಿನ ಮನೆಯೊಂದರ ಹಿತ್ತಿಲ ಹುಣಸೆಮರದ ತುಂಬ ಹೆಜ್ಜಾರ್ಲೆಗಳು, ಅಂದರೆ ಪೆಲಿಕನ್ ಹಕ್ಕಿಗಳು. ಕೆಳಗೆ ಮನೆಯಾಕೆ ಸಗಣಿ ಬಾಚುತ್ತಿದ್ದರು, ಕಟ್ಟಿದ ಎಮ್ಮೆ ಮೆಲುಕು ಹಾಕುತ್ತಿತ್ತು, ಮೇಲೆ ಒಂದು ಮರಿ ತಾಯಿಯ ಕೊಕ್ಕಿನ ಚೀಲದೊಳಗೆ ಕತ್ತಿನವರೆಗೆ ತೂರಿಕೊಂಡು ಅರೆಜೀರ್ಣವಾದ ಮೀನನ್ನು ಕಿತ್ತುಕೊಳ್ಳುತ್ತಿತ್ತು. ತಾಯಿ ಮರಿಯನ್ನು ನುಂಗುತ್ತಿದೆಯೋ, ಮರಿ ತಾಯಿಯನ್ನು ಒಳಗಿನಿಂದ ತಿನ್ನುತ್ತಿದೆಯೋ ಎಂದು ಸಂಶಯ ಬರುವಷ್ಟು ಜೋರು. ಹೆಜ್ಜಾರ್ಲೆಯ ರೆಕ್ಕೆಯ ಹರವು ಎರಡೂವರೆ ಮೀಟರಿನವರೆಗೆ ಇರುತ್ತದೆ. ಪಾದವೋ ಈಜುವುದಕ್ಕೆಂದು ಮಾಡಿದ್ದು, ಬೆರಳಿಂದ ಬೆರಳಿಗೆ ಪೊರೆ. ಅಂಥದ್ದು ಸಣ್ಣ ಕೊಂಬೆಯ ತುದಿಗೆ ಬಂದಿಳಿಯುವುದೇ ಒಂದು ಸರ್ಕಸ್ಸು.

ಪಕ್ಕದ ಮರ ಬಣ್ಣದ ಕೊಕ್ಕರೆಗಳದ್ದು. ಕಿತ್ತಳೆ ಬಣ್ಣದ ಬೋಳುತಲೆ, ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಗರಿಗಳು. ದೊಡ್ಡವು ಹೆಚ್ಚಾಗಿ ಕೂಗುವುದಿಲ್ಲ, ಕೊಕ್ಕು ಕುಟ್ಟುತ್ತವೆ. ಊರೆಲ್ಲ ತುಂಬಿದ್ದ ಗದ್ದಲ ಮರಿಗಳದ್ದು.

ದೂರದ್ದನ್ನು ಹತ್ತಿರಕ್ಕೆ ತರಲೆಂದು ನಾನು ಹೊತ್ತು ತಂದಿದ್ದ 600 ಮಿಲಿಮೀಟರಿನ ಲೆನ್ಸಿಗೆ ಇಲ್ಲಿ ಕೆಲಸವೇ ಇರಲಿಲ್ಲ. ಬೇಕಾದದ್ದು ಬೆಳಕಿನ ಎಚ್ಚರ. ನೆರಳಿನ ಎಲೆಗಳ ನಡುವೆ ಬಿಸಿಲಿಗೆ ಮೈಯೊಡ್ಡಿದ ಬಿಳಿ ಹಕ್ಕಿ ಕೂತಿದ್ದರೆ ಕ್ಯಾಮೆರಾ ಕತ್ತಲನ್ನು ನಂಬಿ ಹಕ್ಕಿಯನ್ನು ಕೆಡಿಸುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಿದರೆ ಗರಿಯ ಎಳೆಗಳು ಉಳಿಯುತ್ತವೆ. ಒಂಬತ್ತು ಗಂಟೆಯ ಮೇಲೆ ಏನು ಮಾಡಿದರೂ ಅಷ್ಟೇ. ಗೆಳೆಯನದು ಬೇರೆ ಪಾಡು. ವಿದ್ಯುತ್ ತಂತಿ, ಡಿಶ್, ಒಣಹಾಕಿದ ಪಂಚೆ ಯಾವುದೂ ಚೌಕಟ್ಟಿನೊಳಗೆ ಬರಬಾರದೆಂದು ಬೀದಿಯ ಉದ್ದಕ್ಕೂ ಜಾಗ ಬದಲಿಸುತ್ತಲೇ ಇದ್ದ. ಹಿನ್ನೆಲೆ ಶುಚಿಯಾಗಿರಬೇಕಂತೆ. ಆ ಶುಚಿ ಬೇಕಿದ್ದರೆ ಬೇರೆ ಕಡೆಗೆ ಹೋಗಬಹುದಿತ್ತು ಎಂದು ನಾನು ಹೇಳಿದೆ. ಪಂಚೆಯೂ ಡಿಶ್ಶೂ ಇಲ್ಲದ ಹೆಜ್ಜಾರ್ಲೆ ಎಲ್ಲಿಯದಾದರೂ ಆಗಬಹುದು, ಈ ಊರಿನದಂತೂ ಅಲ್ಲ. ಅವನು ಒಪ್ಪಲಿಲ್ಲ.

ಮನೆಯಾಕೆ ನಮ್ಮ ವಾದ ಕೇಳಿಸಿಕೊಂಡು ನಕ್ಕರು. ಹುಣಸೆ ಕಾಯಿ ಹಣ್ಣಾಗುವುದೂ ಹಕ್ಕಿ ಮರಿ ಮಾಡುವುದೂ ಒಂದೇ ಕಾಲ. “ಬಡಿದರೆ ಗೂಡು ಬೀಳುತ್ತದೆ. ಅದಕ್ಕೇ ಬಡಿಯುವುದಿಲ್ಲ” ಎಂದರು, ಮಳೆಯ ವಿಷಯ ಹೇಳುವಷ್ಟು ಸಲೀಸಾಗಿ. ಗೂಡುಗಳಿರುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಮೊದಲಿನಿಂದಲೂ ಊರಿಗೆ ಸಿಗುತ್ತಿದ್ದ ಪ್ರತಿಫಲ ಹಿಕ್ಕೆ: ಮರದಡಿ ಗುಂಡಿ ತೆಗೆದು, ಕೆರೆಯ ಹೂಳು ತುಂಬಿ, ಅದರ ಮೇಲೆ ಬಿದ್ದದ್ದನ್ನು ಗೊಬ್ಬರವಾಗಿ ಹೊಲಕ್ಕೆ ಸಾಗಿಸುವುದು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಹಕ್ಕಿಗಳನ್ನು ಕರೆಯುತ್ತಾರೆ, ಬಂದವರೆಲ್ಲ ಅದನ್ನೇ ಬರೆದುಕೊಂಡು ಹೋಗುತ್ತಾರೆ. ಮಾತು ಸುಳ್ಳಲ್ಲ. ಆದರೆ ಬಾಣಂತನಕ್ಕೆ ಖರ್ಚಿದೆ, ಆ ಖರ್ಚನ್ನು ಯಾರೋ ಹೊರುತ್ತಿದ್ದಾರೆ ಎಂಬುದನ್ನು ಬರೆದುಕೊಳ್ಳುವವರು ಕಡಿಮೆ.

ಊರು ಹಿಂದೆ ಶಿಂಷಾ ನದಿಯ ದಡದಲ್ಲಿತ್ತಂತೆ. ಪ್ಲೇಗು ಬಂದು ಜನ ಈಚೆಗೆ ಸರಿದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ. ಮರಗಳಲ್ಲಿ ಬಹಳಷ್ಟು ಜನರ ಸ್ವಂತದ್ದು. ಜನರನ್ನು ಹೊರಗಿಟ್ಟು ಅಭಯಾರಣ್ಯ ಮಾಡುವುದು ಇಲ್ಲಿ ಆಗದ ಮಾತು. ಹಾಗಾಗಿ 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕುವ ಕೆಲಸವನ್ನು ‘ಹೆಜ್ಜಾರ್ಲೆ ಬಳಗ’ ಎಂಬ ಸ್ಥಳೀಯರ ಗುಂಪು ಅದಕ್ಕೂ ಮೊದಲಿನಿಂದ ಮಾಡಿಕೊಂಡು ಬಂದಿದೆ. 2017–18ರಲ್ಲಿ ಹೊಟ್ಟೆಯ ಜಂತುಹುಳುಗಳಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಅಂಥ ಹುಳು ಹಕ್ಕಿಯೊಳಗೆ ಸೇರುವುದು ತಿಂದ ಮೀನಿನಿಂದ, ಮೀನು ಬರುವುದು ಊರಾಚೆಯ ನೀರಿನಿಂದ.

ಆ ನೀರನ್ನೂ ನೋಡೋಣವೆಂದು ಹಿಂದಿರುಗುವಾಗ ತೈಲೂರು ಕೆರೆಗೆ ಸುತ್ತು ಹಾಕಿದೆವು. ಬಣ್ಣದ ಕೊಕ್ಕರೆಗಳು ಕೊಕ್ಕನ್ನು ಅರೆತೆರೆದು ನೀರೊಳಗೆ ಆಚೀಚೆ ಆಡಿಸುತ್ತ ನಡೆಯುತ್ತಿದ್ದವು. ಕಣ್ಣಿನ ಕೆಲಸವಿಲ್ಲ, ಕೊಕ್ಕಿಗೆ ಮೀನು ತಗುಲಿದರೆ ಸರಿ, ತಕ್ಷಣ ಮುಚ್ಚಿಕೊಳ್ಳುತ್ತದೆ. ಹೆಜ್ಜಾರ್ಲೆಗಳು ಆಳದ ಕಡೆ ತೇಲುತ್ತಿದ್ದವು. ದಡದಲ್ಲಿ ಬಲೆ ಬಿಡಿಸುತ್ತಿದ್ದವನೊಬ್ಬ ನಮ್ಮ ಕ್ಯಾಮೆರಾಗಳನ್ನು ನೋಡಿ, “ಬೆಳ್ಳೂರಿನಿಂದ ಬಂದಿರಾ?” ಎಂದು ಕೇಳಿದ. ಹೌದೆಂದೆವು.

“ಅಲ್ಲಿ ಮರ ಇದ್ದವರಿಗೆ ದುಡ್ಡು ಕೊಡುತ್ತಾರೆ. ಮೀನು ತಿನ್ನುವುದು ಇಲ್ಲಿ. ಮೀನಿನ ಮರಿ ಬಿಡಲೆಂದು ನೀರಿಗೆ ದುಡ್ಡು ಹಾಕಿದವನು ನಾನು, ನನಗೇನು ಕೊಡುತ್ತಾರೆ?”

ಗೆಳೆಯನ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ. ಅವನು ಕಾಯಲೂ ಇಲ್ಲ. ಬಲೆಯಲ್ಲಿ ಸಿಕ್ಕಿದ್ದ ಜಿಲೇಬಿ ಮೀನುಗಳನ್ನು ಬುಟ್ಟಿಗೆ ಹಾಕಿ, ಕಿಲೋ ಬೆಲೆ ಹೇಳಿ, ಬೇಕೇ ಎಂದು ಕೇಳಿದ.