ಊಟಕ್ಕಿಂತ ಮೊದಲು ಚಾ

23 ನವೆಂಬರ್ 2025, ಆದಿತ್ಯವಾರ
ಬದಿಯಡ್ಕ

ಬೆಳಿಗ್ಗೆ ಒಂಬತ್ತಕ್ಕೇ ಟಿವಿ ಮುಂದೆ ಕೂತೆ. ಗುವಾಹಾಟಿಯಲ್ಲಿ ಬೇಗ ಕತ್ತಲಾಗುತ್ತದೆ ಅಂತ ಅಲ್ಲಿ ದಕ್ಷಿಣ ಆಫ್ರಿಕಾ ಎದುರಿನ ಕ್ರಿಕೆಟ್ ಟೆಸ್ಟ್ ಅರ್ಧ ಗಂಟೆ ಮುಂಚೆ ಶುರು. ಅದಲ್ಲದೆ ಮೊದಲು ಟೀ, ಆಮೇಲೆ ಲಂಚ್. ಹನ್ನೊಂದು ಗಂಟೆಗೆ ಆಟಗಾರರು ಚಾ ಕುಡಿಯಲು ಹೋದದ್ದನ್ನು ನೋಡಿ ಅಮ್ಮ, "ಇದೆಂತ ಕ್ರಮ? ಕೊನೆಗೆ ಬರಬೇಕಾದ್ದು ಮೊದಲೇ ಬಂತಲ್ಲ" ಅಂದರು. ನಾನು ನಕ್ಕೆ. ಇಡೀ ದಿನ ಅದೇ ಮಾತು ನನ್ನ ಬೆನ್ನು ಹತ್ತುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಆಟದ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಹೋದ ವಾರವಷ್ಟೇ ಕೋಲ್ಕತ್ತಾದಲ್ಲಿ 124 ಹೊಡೆಯಲಾಗದೆ 93ಕ್ಕೆ ಗಂಟುಮೂಟೆ ಕಟ್ಟಿದ್ದೇವೆ. ಇವತ್ತು ತಮಿಳು ಮೂಲದ ಮುತ್ತುಸಾಮಿ 109, ಯಾನ್ಸನ್ 93. ದಕ್ಷಿಣ ಆಫ್ರಿಕಾ ಒಟ್ಟು 489. ಕುಲದೀಪ್‌ಗೆ ನಾಲ್ಕು ವಿಕೆಟ್ ಸಿಕ್ಕಿತು, ಪಾಪ, ಅದಕ್ಕೆ 115 ರನ್ ಕೊಟ್ಟ.

ಮೂರು ಗಂಟೆಗೆ ಗುಡುಗು ಶುರುವಾಯಿತು. ಅಂಗಳದಲ್ಲಿ ಅಡಿಕೆ ಹರವಿ ಇತ್ತು. ನಾನು, ಅಮ್ಮ, ರಜೆಗೆ ಬಂದ ಅಕ್ಕನ ಮಗ, ಮೂವರೂ ಓಡಿ ರಾಶಿ ಮಾಡಿ ಟರ್ಪಾಲು ಎಳೆದೆವು. ಎಳೆದು ಮುಗಿಸುವುದಕ್ಕೂ ಹನಿ ಬೀಳುವುದಕ್ಕೂ ಸರಿ ಹೋಯಿತು. ತುಲಾಮಳೆಯ ಹಣೆಬರಹವೇ ಇದು. ಬೆಳಿಗ್ಗೆ ಸುಡುವ ಬಿಸಿಲು ತೋರಿಸಿ ಅಡಿಕೆ ಹರವಿಸುತ್ತದೆ, ಮಧ್ಯಾಹ್ನ ಬಂದು ಬಾಚಿಸುತ್ತದೆ.

ಐದು ಗಂಟೆಗೆ ಕ್ಲಬ್ಬಿಗೆ ಹೋದರೆ ಕಬಡ್ಡಿ ಕೋರ್ಟು ಕೆಸರು. ಪ್ರಾಕ್ಟೀಸ್ ಇಲ್ಲ. ಜಗುಲಿಯಲ್ಲಿ ಏಳೆಂಟು ಜನ, ಎದುರಿನ ಹೋಟೆಲಿನಿಂದ ಬಂದ ಗೋಳಿಬಜೆ, ಚಾ. ಆಡಲಿಕ್ಕಿಲ್ಲದ ದಿನ ನಮ್ಮವರಿಗೆ ಸಿನಿಮಾದ ಮಾತು. ಮಾತಿಗೆ ನಾಲ್ಕು ಭಾಷೆ. ಕನ್ನಡದಲ್ಲಿ ಶುರುವಾದದ್ದು ತುಳುವಿನಲ್ಲಿ ಜಗಳವಾಗಿ ಮಲಯಾಳದಲ್ಲಿ ರಾಜಿಯಾಗುತ್ತದೆ. ಹವ್ಯಕದಲ್ಲಿ ಗೊಣಗುವವನು ನಾನೊಬ್ಬನೇ.

ಇವತ್ತಿನ ಗಲಾಟೆ ಶುರು ಮಾಡಿದ್ದು ಟೈಲರ್ ಇಚ್ಚ. ತಮಿಳಿನ 'ಬೈಸನ್' ಮೊನ್ನೆಯಷ್ಟೇ ನೆಟ್‌ಫ್ಲಿಕ್ಸಿಗೆ ಬಂದಿದೆ. ಕಬಡ್ಡಿಯ ಸಿನಿಮಾ, ನಮ್ಮಲ್ಲಿ ಎಲ್ಲರೂ ಕಾಯುತ್ತಿದ್ದದ್ದು. ಇಚ್ಚ ನೋಡಿ ಮುಗಿಸಿದ್ದರು. ಗೋಳಿಬಜೆ ಬಾಯಲ್ಲಿಟ್ಟುಕೊಂಡೇ ಕೊನೆಯ ಮ್ಯಾಚಿನಲ್ಲಿ ಏನಾಗುತ್ತದೆ ಅಂತ ಹೇಳಿಬಿಟ್ಟರು. ಅಕ್ಕನ ಮಗ ಕಿವಿ ಮುಚ್ಚಿಕೊಂಡ. ತಡವಾಗಿತ್ತು.

"ಸ್ಪಾಯ್ಲರ್! ನಾನಿನ್ನೂ ನೋಡಿಲ್ಲ ಇಚ್ಚಾ!"

"ಎಂತ ಸ್ಪಾಯ್ಲರ್ ಮೋನೇ? ಮಣತ್ತಿ ಗಣೇಶನ್ ಅಂತ ನಿಜವಾದ ಆಟಗಾರ, ಅವರ ಕಥೆಯ ಮೇಲೆಯೇ ತೆಗೆದದ್ದು. ಹಿರೋಶಿಮಾ ಏಷ್ಯನ್ ಗೇಮ್ಸಲ್ಲಿ ನಮ್ಮ ಕಬಡ್ಡಿ ಟೀಮು ಚಿನ್ನ ಗೆದ್ದದ್ದು 1994ರಲ್ಲಿ. ಆಗ ನೀನು ಹುಟ್ಟಿಯೇ ಇಲ್ಲ. 31 ವರ್ಷ ಹಳೆಯ ಸ್ಕೋರು ಹೇಳಿದ್ರೂ ತಪ್ಪಾ?"

ನಿವೃತ್ತ ಮಾಷ್ಟ್ರು ಇಚ್ಚನ ಕಡೆ ಸೇರಿದರು. ಯಕ್ಷಗಾನದವರು, ಇನ್ನೆಲ್ಲಿ ಸೇರುತ್ತಾರೆ? "ಕರ್ಣಪರ್ವಕ್ಕೆ ಹೋಗಿ ಕೂತವನಿಗೆ ಕರ್ಣ ಸಾಯ್ತಾನೆ ಅಂತ ಹೇಳಿದ್ರೆ ಅವನು ಎದ್ದು ಮನೆಗೆ ಹೋಗ್ತಾನಾ? ಇಲ್ಲೇ ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಪ್ರಸಂಗ ಬರೆದ. ರಾವಣ ಗೆಲ್ತಾನೋ ಅಂತ ನೋಡಲು ಯಾರಾದ್ರೂ ಬಂದದ್ದುಂಟಾ? ಈ ಸಲದ ರಾವಣ ಹೇಗೆ ಮಾತಾಡ್ತಾನೆ ಅಂತ ನೋಡಲು ಬರುವುದು."

ನಾನೂ ಇದೇ ಪಕ್ಷ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಆದರೆ ಅಕ್ಟೋಬರ್ 30ರ ಕಥೆಯೊಂದಿದೆ. ಅದನ್ನು ಜಗುಲಿಯಲ್ಲಿ ಹೇಳಿ ಬೈಸಿಕೊಂಡೆ. ಇಲ್ಲಿಯೂ ಬರೆದುಬಿಡುತ್ತೇನೆ.

ಮಹಿಳೆಯರ ವಿಶ್ವಕಪ್ ಸೆಮಿಫೈನಲ್. ಆಸ್ಟ್ರೇಲಿಯಾ 338. ಶಫಾಲಿ ಹೋದಳು, 59ಕ್ಕೆ ಸ್ಮೃತಿಯೂ ಹೋದಳು. ಇನ್ನು ಆಗುವ ಹೋಗುವ ಮಾತಲ್ಲ ಅಂತ ಟಿವಿ ಆರಿಸಿ ಮಲಗಿದೆ. ಹೌದು, ಮಲಗಿದೆ. ಮರುದಿನ ಬೆಳಿಗ್ಗೆ ಹಾಲು ಕೊಡಲು ಹೋದಲ್ಲಿ ಒಬ್ಬರು, "ಜೆಮಿಮಾ ಹೊಡೆದದ್ದು ನೋಡಿದ್ರಲ್ಲಾ ಭಾವ?" ಅಂದರು. ಕ್ಯಾನ್ ಕೈಯಿಂದ ಜಾರುವುದೊಂದು ಬಾಕಿ. 127, ಔಟಾಗದೆ. ಮಂಗಳೂರು ಮೂಲದ ಹುಡುಗಿ, ನಮ್ಮ ಪಕ್ಕದ ಮನೆಯವಳಂತೆ, ಅವಳನ್ನೇ ಬಿಟ್ಟು ಮಲಗಿದ್ದೆ.

ಮನೆಗೆ ಬಂದು ಇಡೀ ಚೇಸಿಂಗ್ ನೋಡಿದೆ. ಅವಳು 82ರಲ್ಲಿದ್ದಾಗ ಚೆಂಡು ಮೇಲೆ ಹೋಯಿತು. ಕೀಪರ್ ಹೀಲಿ ಕೆಳಗೆ ನಿಂತಿದ್ದಾಳೆ. ಸುಲಭದ ಕ್ಯಾಚು. ಫಲಿತಾಂಶ ನನಗೆ ಗೊತ್ತು. ಹೀಲಿ ಕೈ ಬಿಡುತ್ತಾಳೆ ಅಂತಲೂ ಗೊತ್ತು. ಆದರೂ ಚೆಂಡು ಇಳಿಯುವಷ್ಟು ಹೊತ್ತು ನನ್ನ ಉಸಿರು ನಿಂತಿತ್ತು. ಎಲ್ಲಿಯಾದರೂ ಈ ಸಲ ಹಿಡಿದುಬಿಟ್ಟರೆ?

"ನೋಡಿ, ಇದೇ ನಾನು ಹೇಳಿದ್ದು!" ಅಂದರು ಮಾಷ್ಟ್ರು.

"ಇಲ್ಲ ಮಾವ," ಅಂದ ಅಕ್ಕನ ಮಗ. "ಅಷ್ಟು ಮಜಾ ಬಂದಿದ್ರೆ ಹಾಲಿನವರ ಮೇಲೆ ಯಾಕೆ ಸಿಟ್ಟು ಬಂತು? ಗೊತ್ತಿಲ್ಲದೆ ಒಂದು ಸಲ ನೋಡ್ಬೇಕು. ಗೊತ್ತಿದ್ದು ಎಷ್ಟು ಸಲ ಬೇಕಾದ್ರೂ ನೋಡ್ಬಹುದು. ಆ ಮೊದಲ ಸಲದ್ದು ಮಾತ್ರ ಯಾರೂ ಕದಿಯಬಾರದು."

ಹದಿನೇಳು ವರ್ಷದ ಹುಡುಗ. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೋಳಿಬಜೆ ತಿಂದೆ.

ಮಾತು ತಿರುಗಿಸಲು ಫೆಬ್ರವರಿಯ ರಣಜಿ ಸೆಮಿಫೈನಲ್ ಎತ್ತಿದೆ. ಕಾಸರಗೋಡಿನವರಿಗೆ ಅದು ಹಳತಾಗುವುದೇ ಇಲ್ಲ. ಅಹಮದಾಬಾದಿನಲ್ಲಿ ಗುಜರಾತ್ ಎದುರು ಕೇರಳ 457. ಅದರಲ್ಲಿ ನಮ್ಮ ತಳಂಗರೆಯ ಅಜರುದ್ದೀನ್ ಔಟಾಗದೆ 177. ಕೊನೆಯ ದಿನ ಬೆಳಿಗ್ಗೆ ಇದೇ ಜಗುಲಿಯಲ್ಲಿ ಒಂದು ಒಡೆದ ಸ್ಕ್ರೀನಿನ ಮೊಬೈಲು, ಅದಕ್ಕೆ ಹತ್ತು ತಲೆ. ಗುಜರಾತ್ 455, ಒಂಬತ್ತು ವಿಕೆಟ್ ಹೋಗಿದೆ. ಮೊದಲ ಇನ್ನಿಂಗ್ಸಿನ ಲೀಡ್ ಸಿಕ್ಕಿದವರಿಗೆ ಫೈನಲ್. ನಾಗವಾಸವಾಲಾ ಬೀಸಿ ಹೊಡೆದ. ಎಲ್ಲರೂ ಬೌಂಡರಿ ಕಡೆ ನೋಡಿದರೆ ಚೆಂಡು ಅಲ್ಲಿ ಇಲ್ಲ. ಶಾರ್ಟ್ ಲೆಗ್‌ನಲ್ಲಿ ಕೂತಿದ್ದ ಸಲ್ಮಾನ್ ನಿಜಾರ್ ಹೆಲ್ಮೆಟ್ಟಿಗೆ ಬಡಿದು, ಆಕಾಶಕ್ಕೆ ಎದ್ದು, ಸ್ಲಿಪ್ಪಿನಲ್ಲಿದ್ದ ಸಚಿನ್ ಬೇಬಿ ಕೈಗೆ ಬಿತ್ತು. ಎರಡು ರನ್ ಲೀಡ್. ಕೇರಳ ಮೊದಲ ಸಲ ರಣಜಿ ಫೈನಲಿಗೆ. ಟೊಪ್ಪಿಗೆ ಹೆಸರಾದ ತಳಂಗರೆಯವ ಕೀಪಿಂಗ್ ಮಾಡುತ್ತಿದ್ದಾಗ ಗೆಲ್ಲಿಸಿದ್ದೂ ತಲೆಯ ಮೇಲಿನದ್ದೇ ಅಂತ ಇಚ್ಚ ಅವತ್ತಿನಿಂದ ಹೇಳುತ್ತಾ ಬಂದಿದ್ದಾರೆ. ಇವತ್ತೂ ಹೇಳಿದರು. ಇವತ್ತೂ ನಕ್ಕೆವು.

ಇದನ್ನೇ ಒಬ್ಬ ಡೈರೆಕ್ಟರ್ ಸಿನಿಮಾದಲ್ಲಿ ತೋರಿಸಿದ್ದರೆ? "ಸುಮ್ನೆ ಬಿಡ್ತಾನೆ" ಅಂತ ನಾವೇ ಉಗಿಯುತ್ತಿದ್ದೆವು. ನಿಜವಾದ ಆಟಕ್ಕೆ ಎಷ್ಟು ಬೇಕಾದರೂ ಬಿಡುವ ಹಕ್ಕಿದೆ, ಸಿನಿಮಾಕ್ಕೆ ಇಲ್ಲ. ಇದು ಅನ್ಯಾಯ ಅಂತ ನನಗೂ ಗೊತ್ತು.

ಆಟದವರು ಸಿನಿಮಾ ನೋಡುವ ಕ್ರಮವೇ ಬೇರೆ ಅನ್ನಿಸುತ್ತದೆ. ಹೀರೋ ಗೆಲ್ತಾನೆ ಅಂತ ಪೋಸ್ಟರ್ ನೋಡಿದಾಗಲೇ ಗೊತ್ತು. ನಮಗೆ ಬೇಕಾದ್ದು ಅವನ ಕಾಲು. ಬೌಲರ್ ಆದರೆ ಮುಂಗಾಲು ಹೇಗೆ ಊರುತ್ತಾನೆ, ಗೋಲಿ ಆದರೆ ಯಾವ ಬದಿಗೆ ಭಾರ ಹಾಕಿ ನಿಂತಿದ್ದಾನೆ. ಅದು ಸರಿ ಇದ್ದರೆ ಕಥೆಯ ನೂರು ತಪ್ಪು ಮಾಫಿ. ಕ್ಲಬ್ಬಿನಲ್ಲಿ ಸ್ಕೋರ್ ಬರೆಯುವವನು ನಾನು. ಮೊಣಕಾಲು ಹೋದ ಮೇಲೆ ಸಿಕ್ಕಿದ ಉದ್ಯೋಗ. ಕಬಡ್ಡಿ ಇರುವ ಸಿನಿಮಾ ಬಂದರೆ ನನ್ನ ಕೈ ತನ್ನಷ್ಟಕ್ಕೆ ಸ್ಟಾಪ್‌ವಾಚಿಗೆ ಹೋಗುತ್ತದೆ. ರೈಡಿಗೆ ಇರುವುದು 30 ಸೆಕೆಂಡ್. ಸಿನಿಮಾದ ರೈಡರ್ ಹೋಗಿ, ದಿಟ್ಟಿಸಿ, ಅಮ್ಮನನ್ನು ನೆನೆದು, ಐವರನ್ನು ಹೊತ್ತುಕೊಂಡು ಹಾರಿ ಬರುವಷ್ಟರಲ್ಲಿ ನಾವು ಇಲ್ಲಿ ಮೂರು ರೈಡ್ ಮುಗಿಸಿ ನೀರು ಕುಡಿದಿರುತ್ತೇವೆ.

'ಬೈಸನ್' ಹಾಗಲ್ಲವಂತೆ. ನಮ್ಮ ರೈಡರ್ ಹುಡುಗ ಚೆನ್ನೈಯಲ್ಲಿ ಕೆಲಸ ಮಾಡುವವ, ದೀಪಾವಳಿ ಹೊತ್ತಿಗೆ ಅಲ್ಲಿ ಥಿಯೇಟರಿನಲ್ಲೇ ನೋಡಿದ್ದಾನೆ. ಮಾರಿ ಸೆಲ್ವರಾಜ್ ಸಿನಿಮಾ ಅಂದಮೇಲೆ ಜಾತಿಯ ಜಗಳ, ರಕ್ತ ಎಲ್ಲ ಇದ್ದದ್ದೇ. ಅದರ ಬಗ್ಗೆ ಅವನು ಎರಡು ಮಾತು ಹೇಳಿ ಬಿಟ್ಟ. ಧ್ರುವ್ ವಿಕ್ರಮ್ ಕೋರ್ಟಿನೊಳಗೆ ಕಾಲಿಡುವುದನ್ನು ಮಾತ್ರ ಎದ್ದು ನಿಂತು ತೋರಿಸಿದ. ಜಗುಲಿಯ ಸಿಮೆಂಟ್ ನೆಲದ ಬಿರುಕೇ ಬೋನಸ್ ಗೆರೆ. ಮುಂದಿನ ಪಾದ ಗೆರೆ ದಾಟಿ ಊರಬೇಕು, ಆ ಕ್ಷಣ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಹೆಚ್ಚಿನ ನಟರು ಹಿಂದಿನ ಕಾಲನ್ನು ಎಳೆಯುತ್ತಾರೆ, ಇವನು ಎತ್ತುತ್ತಾನೆ ಅಂದ. ಎತ್ತಿಯೂ ತೋರಿಸಿದ. ನೆಲ ಒದ್ದೆ ಇತ್ತು. ಬೋನಸ್ ಸಿಕ್ಕಿತು, ರೈಡರ್ ಇಚ್ಚನ ಮಡಿಲಲ್ಲಿ ಬಿದ್ದ. ಒಂದು ಗ್ಲಾಸು ಚಾ ಹೋಯಿತು.

ನಾನು ಇನ್ನೂ ನೋಡಿಲ್ಲ. ಕೊನೆ ಗೊತ್ತಾಯಿತು, ಇನ್ನು ಆ ಹಿಂದಿನ ಕಾಲಿಗಾಗಿ ನೋಡಬೇಕು.

1983ರ ಕ್ರಿಕೆಟ್ ವಿಶ್ವಕಪ್ಪಿನ ಸಿನಿಮಾ '83' ಬಗ್ಗೆ ಮಾಷ್ಟ್ರಿಗೂ ನನಗೂ ಯಾವತ್ತಿನ ಜಗಳ. ಅವರಿಗೆ ಕಪಿಲ್ ದೇವ್ ಆದ ರಣವೀರ್ ಸಿಂಗ್ ಹಲ್ಲು ಜಾಸ್ತಿಯಾಯಿತು. ನನಗೆ ಒಂದೇ ಕಾರಣಕ್ಕೆ ಅದು ದೊಡ್ಡ ಸಿನಿಮಾ. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು 9ಕ್ಕೆ ನಾಲ್ಕು ಹೋದಾಗ ಬಂದು ಕಪಿಲ್ 175 ಹೊಡೆದದ್ದರ ವಿಡಿಯೊ ಇಲ್ಲ. ಬಿಬಿಸಿಯವರು ಅವತ್ತು ಅದನ್ನು ಚಿತ್ರೀಕರಿಸಲಿಲ್ಲ. ಕೊನೆಗೆ ನಮ್ಮ ಕಿರ್ಮಾನಿ ಜೊತೆಗೆ ನಿಂತು ಮುರಿಯದ 126 ರನ್. ಅಪ್ಪ ರೇಡಿಯೊದಲ್ಲಿ ಸ್ಕೋರ್ ಕೇಳಿದ್ದನ್ನು ನೂರು ಸಲ ಹೇಳಿದ್ದರು. ನೋಡಿದ್ದಿಲ್ಲ. ಅವರೂ ನಾನೂ ಅದನ್ನು ಮೊದಲ ಸಲ ಕಣ್ಣಲ್ಲಿ ಕಂಡದ್ದು ಸಿನಿಮಾದಲ್ಲೇ. ಅಪ್ಪ ಅವತ್ತು ಏನೂ ಮಾತಾಡದೆ ಮನೆಗೆ ಬಂದರು. ಹಲ್ಲಿನ ಬಗ್ಗೆಯೂ ಮಾತಾಡಲಿಲ್ಲ.

ಫುಟ್‌ಬಾಲಿನ 'ಮೈದಾನ್' ಯಾರೂ ಥಿಯೇಟರಿಗೆ ಹೋಗಿ ನೋಡಲಿಲ್ಲ. ಆಮೇಲೆ ಮೊಬೈಲಿನಲ್ಲಿ ನೋಡಿ ಎಲ್ಲರೂ ಪಶ್ಚಾತ್ತಾಪಪಟ್ಟವರೇ. 1962ರ ಜಕಾರ್ತಾ ಏಷ್ಯನ್ ಗೇಮ್ಸ್ ಫೈನಲ್, ಕೊರಿಯಾ ಎದುರು 2-1. ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದು ಜರ್ನೈಲ್ ಸಿಂಗ್ ಹೊಡೆದ ಗೋಲು. ಡಿಫೆಂಡರ್ ಅವನು, ಮುಂದೆ ಆಡಿಸಿದ್ದು ಕೋಚ್ ರಹೀಮ್ ಸಾಹೇಬರ ಧೈರ್ಯ. ಇದನ್ನೂ ಬರೆದಿದ್ದರೆ ಬಿಡ್ತಾನೆ ಅನ್ನುತ್ತಿದ್ದೆವು.

ಅಕ್ಕನ ಮಗನ ಮೆಚ್ಚಿನದ್ದು ಮಲಯಾಳದ 'ಆಲಪ್ಪುಳ ಜಿಮ್ಖಾನಾ'. ಪ್ಲಸ್ ಟು ಫೇಲಾದ ಹುಡುಗರು ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು ಹೊಡೆಯಲು ಬಾಕ್ಸಿಂಗ್ ಕಲಿಯುವುದು. ಚೆನ್ನಾಗಿ ಒದೆ ತಿನ್ನುತ್ತಾರೆ. ಅದೇ ನಮಗೆಲ್ಲ ಇಷ್ಟ. ಮಾರ್ಕಿಗಾಗಿ ಕಬಡ್ಡಿಗೆ ಬಂದವರು ನಮ್ಮ ಕ್ಲಬ್ಬಿನಲ್ಲಿ ಎಷ್ಟು ಜನ ಅಂತ ಸ್ಕೋರ್ ಪುಸ್ತಕಕ್ಕೆ ಗೊತ್ತು. ಈ ಹುಡುಗನ ಮೇಲೂ ನನಗೆ ಸಂಶಯ ಇದೆ.

ಆಟ ಇಲ್ಲದ ಸಿನಿಮಾಕ್ಕೂ ನಮ್ಮವರು ಟೀಮ್ ಲೆಕ್ಕವೇ ಹಾಕುವುದು. 'ಸು ಫ್ರಮ್ ಸೋ' ನೋಡಲು ಎರಡು ಜೀಪು ಮಾಡಿಕೊಂಡು ಮಂಗಳೂರಿಗೆ ಹೋಗಿದ್ದೆವು. ಡೈರೆಕ್ಟರ್ ಜೆ.ಪಿ. ತುಮಿನಾಡು ನಮ್ಮ ಮಂಜೇಶ್ವರದವರು, ಹೋಗದಿದ್ದರೆ ಹೇಗೆ? ಹೋಗುವ ದಾರಿಯಲ್ಲಿ ತಲಪಾಡಿ ದಾಟಿದ ಮೇಲೆ ಸೋಮೇಶ್ವರ, ಅಂದರೆ ಸಿನಿಮಾದ ಹೆಸರಿನ 'ಸೋ', ಬಂದಾಗ ಹಿಂದಿನ ಸೀಟಿನವರು ಕೂಗು ಹಾಕಿದ್ದರು. ಆ ಸಿನಿಮಾದಲ್ಲಿ ಸೆಂಚುರಿ ಹೊಡೆಯುವವನು ಒಬ್ಬನೂ ಇಲ್ಲ. ಎಲ್ಲರೂ ಮೂವತ್ತು ಮೂವತ್ತೈದು ಹೊಡೆದು ಮುನ್ನೂರು ಮಾಡಿದ್ದಾರೆ. ರವಿಯಣ್ಣ, ಭಾವ, ಗುರೂಜಿ, ಬಂದವರೆಲ್ಲ ಬ್ಯಾಟ್ ಬೀಸಿಯೇ ಹೋಗುತ್ತಾರೆ. 'ಕಾಂತಾರ'ದ ಹೊಸತು ಹಾಗಲ್ಲ. ಅದು ರಿಷಬ್ ಒಬ್ಬನೇ ನಿಂತು ಹೊಡೆದ ಇನ್ನೂರು. ಮಧ್ಯದ ಓವರುಗಳಲ್ಲಿ ಸ್ವಲ್ಪ ಎಳೆಯಿತು ಅಂತ ನಾನು, ಎಳೆಯಲಿಲ್ಲ ಅಂತ ಉಳಿದ ಆರು ಜನ. ಮಲಯಾಳದ 'ಲೋಕಾ'ಕ್ಕೆ ಮಾತ್ರ ಜಗಳವೇ ಇಲ್ಲ, ನಾಯಕಿ ಕಲ್ಯಾಣಿ ಪಾಸ್.

ಏಳು ಗಂಟೆಗೆ ಕರೆಂಟ್ ಹೋಯಿತು. ಕತ್ತಲಲ್ಲಿ ಯಾರೋ ಮೊಬೈಲ್ ನೋಡಿ ಹೇಳಿದರು. ಕೊಲಂಬೊದಲ್ಲಿ ಅಂಧ ಮಹಿಳೆಯರ ಟಿ20 ವಿಶ್ವಕಪ್ ನಮ್ಮವರಿಗೇ, ಫೈನಲಿನಲ್ಲಿ ನೇಪಾಳ ಸೋತಿತು. ಕ್ಯಾಪ್ಟನ್ ದೀಪಿಕಾ ಟಿ.ಸಿ. ಕರ್ನಾಟಕದವಳು. ಈ ಮ್ಯಾಚ್ ಇವತ್ತು ಇದೆ ಅಂತಲೇ ನಮ್ಮಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಾದೆವು. "ಮೂರು ವರ್ಷದಲ್ಲಿ ಸಿನಿಮಾ ಬರ್ತದೆ, ಆಗ ಎಲ್ಲರೂ ಟಿಕೆಟ್ ತಗೊಳ್ಳುವ" ಅಂದರು ಇಚ್ಚ. ಯಾರೂ ನಗಲಿಲ್ಲ.

ಮನೆಗೆ ಬಂದಾಗ ಎಂಟೂವರೆ. ಟೆಸ್ಟ್ ಸ್ಕೋರ್ ನೋಡಿದೆ. ಭಾರತ ವಿಕೆಟ್ ಇಲ್ಲದೆ 9, ಇನ್ನೂ 480 ಹಿಂದೆ. ಅಮ್ಮ ಟಿವಿ ಮುಂದೆ ಕೂತಿದ್ದರು. ಆದಿತ್ಯವಾರ, ಬಿಗ್ ಬಾಸಿಗೆ ಸುದೀಪ್ ಬರುವ ದಿನ. ಯಾರಾದರೂ ಮನೆಗೆ ಹೋಗುವ ದಿನ. ಯಾರು ಅಂತ ಸಂಜೆಗೇ ಮೊಬೈಲಿನಲ್ಲಿ ಓಡಾಡುತ್ತಿರುತ್ತದೆ.

"ನೀನು ನೋಡಿರ್ತೀಯಲ್ಲ," ಅಂದರು. "ಹೋದದ್ದು ಯಾರು ಅಂತ ಈಗಲೇ ಹೇಳಿಬಿಡು. ಕೊನೆಯವರೆಗೆ ಕಾಯಲು ನನ್ನ ಬಿಪಿಗೆ ಆಗುವುದಿಲ್ಲ."

ಒಳಗಿನಿಂದ ಅಕ್ಕನ ಮಗ, "ಅಜ್ಜೀ, ಬೇಡ!" ಅಂತ ಕೂಗಿದ.

"ನೀನು ಸುಮ್ಮನಿರು. ಹೇಳು, ಗಿಲ್ಲಿ ಇದ್ದಾನಲ್ಲ?"

"ಇದ್ದಾನೆ," ಅಂದೆ.

ಅಮ್ಮ ಕಾಲು ಮಡಚಿ ಸರಿಯಾಗಿ ಕೂತು ಸೌಂಡ್ ಜಾಸ್ತಿ ಮಾಡಿದರು.