ಬಚ್ಚಲಲ್ಲಿ ಜಾರಿ ಬಿದ್ದವರು

ಮಂಡ್ಯ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿ ಒಂಬತ್ತು ವರ್ಷ ಆಯ್ತು. ನಮ್ಮ ಹೊರರೋಗಿಗಳ ಪುಸ್ತಕ ನೋಡಿದವರಿಗೆ ಇಲ್ಲಿಯ ಬಚ್ಚಲುಗಳಷ್ಟು ಜಾರುವ ಬಚ್ಚಲು ಬೇರೆಲ್ಲೂ ಇಲ್ಲ ಅನ್ನಿಸಬೇಕು. "ಬಚ್ಚಲಲ್ಲಿ ಜಾರ್ಬಿಟ್ಟೆ ಕಣಕ್ಕ" ಅನ್ನುತ್ತಾರೆ, ನಾವು ಹಾಗೇ ಬರೆದುಕೊಂಡು ಧನುರ್ವಾಯು ಇಂಜೆಕ್ಷನ್ ಹಾಕಿ ಕಳಿಸುತ್ತಿದ್ದೆವು. ಒಬ್ಬ ಹೆಣ್ಣುಮಗಳದ್ದು ಒಂದೇ ವರ್ಷದಲ್ಲಿ ಮೂರು ಸಲ ಹೀಗೆ ಬರೆದಿದ್ದೇನೆ, ಮೂರೂ ನನ್ನದೇ ಕೈಬರಹ. ಜಾರಿದವರಿಗೆ ಮಂಡಿ, ಸೊಂಟ, ಅಂಗೈ ಪೆಟ್ಟಾಗುತ್ತದೆ. ಇವಳಿಗೆ ಮುಂಗೈ ಹೊರಭಾಗದಲ್ಲಿ ಬಾಸುಂಡೆ, ಏಟು ಬಂದಾಗ ಮುಖಕ್ಕೆ ಅಡ್ಡ ಹಿಡಿಯುತ್ತೇವಲ್ಲ, ಅಲ್ಲಿ. ಒಂದು ಹಳೆಯದಾಗಿ ಹಸಿರು ತಿರುಗಿತ್ತು, ಇನ್ನೊಂದು ಹೊಸದು. ನೋಡಿದೆ, ಕೇಳಲಿಲ್ಲ. ಗಂಡ ಪಕ್ಕದಲ್ಲೇ ನಿಂತು ನಾನು ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುತ್ತಿದ್ದ. ಪಾಪ ಎಷ್ಟು ಕಾಳಜಿ ಅಂದುಕೊಂಡಿದ್ದೆ ಬೇರೆ.

ಗಾಯ ಇಟ್ಟುಕೊಂಡು ಬರುವವರೇ ಕಮ್ಮಿ. ತಲೆನೋವು, ನಿದ್ದೆ ಇಲ್ಲ, ಕಿಬ್ಬೊಟ್ಟೆ ನೋವು, ಬಿಳಿ ಸೆರಗು, ಎಷ್ಟು ಮಾತ್ರೆ ನುಂಗಿದರೂ ಹೋಗದ ಸುಸ್ತು ಅಂತ ಮತ್ತೆ ಮತ್ತೆ ಬರುತ್ತಾರೆ, ರಕ್ತ ಪರೀಕ್ಷೆಯಲ್ಲಿ ಏನೂ ಇರುವುದಿಲ್ಲ, ನಾವು ಗ್ಯಾಸ್ಟ್ರಿಕ್ ಅನ್ನುತ್ತೇವೆ. ಇಷ್ಟಕ್ಕೇ ಮನೆಯಲ್ಲಿ ಹೊಡೆತ ಇದೆ ಅಂತಲ್ಲ, ಒಂದು ಮಾತು ಕೇಳಬೇಕು ಅಂತ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಬಂದವರನ್ನೆಲ್ಲ ಕೇಳುತ್ತಾ ಹೋಗಬೇಡಿ, ಅನುಮಾನ ಬರುವ ಹಾಗಿದ್ದರೆ ಕೇಳಿ, ಅದೂ ಅವಳು ಒಬ್ಬಳೇ ಇದ್ದಾಗ.

ಒಬ್ಬಳೇ ಎಲ್ಲಿ ಸಿಗುತ್ತಾಳೆ? ಇರೋದು ಒಂದು ಟೇಬಲ್ಲು, ಸುತ್ತ ಹತ್ತು ಜನ. ತಿಂಗಳ ಒಂಬತ್ತನೇ ತಾರೀಕು ಬಸುರಿಯರ ತಪಾಸಣೆ ದಿನ ಅಂತೂ ಅತ್ತೆಯಂದಿರದೇ ಜಾತ್ರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಆಗಿದೆ ಅಂದಿದ್ದರು. ನಮ್ಮ ಪುಸ್ತಕದಲ್ಲಿ ವರ್ಷಕ್ಕೆ ಒಂದೂ ಇರಲಿಲ್ಲ. ಸಮೀಕ್ಷೆಯವರು ಮನೆಗೆ ಒಬ್ಬಳನ್ನೇ ಆರಿಸಿ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಮಾತ್ರ ಆ ಪ್ರಶ್ನೆ ಕೇಳುತ್ತಾರೆ. ವ್ಯತ್ಯಾಸಕ್ಕೆ ಕಾರಣ ಅಷ್ಟೇ ಇದ್ದರೂ ಆಶ್ಚರ್ಯ ಇಲ್ಲ.

ಈಗ ನಾನು ಮೂತ್ರ ಪರೀಕ್ಷೆಯ ನೆಪ ಹೂಡುತ್ತೇನೆ. ಶೌಚಾಲಯದ ಪಕ್ಕ ಔಷಧಿ ಸ್ಟೋರ್ ಇದೆ, ಅಲ್ಲಿಗೆ ಯಾವ ಗಂಡನೂ ಹಿಂದೆ ಬರಲ್ಲ. ಮಾತು ಬರುವ ಮಗು ಇದ್ದರೆ ಆಶಾ ಕಾರ್ಯಕರ್ತೆ ಕೈಗೆ ಕೊಡುತ್ತೇನೆ, ಮಕ್ಕಳು ಮನೆಗೆ ಹೋಗಿ ಎಲ್ಲ ಹೇಳಿಬಿಡುತ್ತವೆ. "ದೌರ್ಜನ್ಯ ಆಗ್ತಿದೆಯಾ" ಅಂತ ಕೇಳಿದರೆ ಇಲ್ಲ ಅಂತಲೇ ಬರುತ್ತದೆ, ಅದು ಪೇಪರಿನ ಮಾತು. "ಕೋಪ ಬಂದ್ರೆ ಅವ್ರು ಏನ್ಮಾಡ್ತಾರವ್ವ? ಕೈ ಎತ್ತಾರಾ?" ಅಂತೀನಿ. ಆ ಮೂರು ಸಲದವಳು ನಾಲ್ಕನೇ ಸಲ ಬಂದಾಗ ಸುಮ್ನೆ ಬಾಟ್ಲಿ ಹಿಡಿದು ನಿಂತಿದ್ದಳು, ಆಮೇಲೆ "ಗಂಡ ಅಂದ್ಮೇಲೆ ಒಂದೇಟು ಹೊಡಿಯಲ್ವಾ ಅಕ್ಕ" ಅಂದಳು. ಕುತ್ತಿಗೆ ಹಿಡಿದಿದ್ದರಾ ಅಂದೆ. ಅಳೋಕೆ ಶುರು ಮಾಡಿದಳು. ಕುತ್ತಿಗೆ ಅಮುಕುವ ಗಂಡ ಮುಂದೆ ಜೀವ ತೆಗೆಯುವ ಅಪಾಯ ಜಾಸ್ತಿ, ಅದಕ್ಕೇ ಅದನ್ನು ಬಿಡದೆ ಕೇಳುತ್ತೇನೆ. ಡಾಕ್ಟರಿಗೆ ಹೇಳಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು, ಗಂಡನ ಎದುರು "ಸ್ಕ್ಯಾನಿಂಗ್" ಅಂದೆವು.

"ಬಿಟ್ಟು ಬಾ" ಅಂತ ನಾನು ಯಾರಿಗೂ ಹೇಳಲ್ಲ. ಎಲ್ಲಿಗೆ ಬರುತ್ತಾಳೆ? ತಪ್ಪು ನಿನ್ನದಲ್ಲ ಅಂತೀನಿ. ಮಹಿಳಾ ಸಹಾಯವಾಣಿ ನಂಬರ್ 181 ಬಾಯಿಪಾಠ ಮಾಡಿಸುತ್ತೇನೆ, ಚೀಟಿ ಕೊಡಲ್ಲ, ತಾಯಿ ಕಾರ್ಡಿನಲ್ಲೂ ಬರೆಯಲ್ಲ, ಅದು ಮನೆಗೆ ಹೋಗುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಗಂಡನ ಮನೆಯಲ್ಲೇ ಇದ್ದುಕೊಂಡು ರಕ್ಷಣೆ ಕೇಳಬಹುದು, ನಮ್ಮಲ್ಲಿ ಸಿಡಿಪಿಓ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಅವರೇ ಅದರ ಸಂರಕ್ಷಣಾಧಿಕಾರಿ. ಇದು ಗೊತ್ತಿಲ್ಲದೆ ಪೊಲೀಸ್ ಅಂತ ಹೆದರುವವರೇ ಜಾಸ್ತಿ. ನಮ್ಮ ಪುಸ್ತಕದಲ್ಲಿ ಮಾತ್ರ ಈಗ ಗಾಯದ ಅಳತೆ, ಬಣ್ಣ, ಜಾಗ, ಅವಳು ಹೇಳಿದ ಮಾತು ಹಾಗೇ ಬರೆಯುತ್ತೇವೆ.

ಅವಳು ಇನ್ನೂ ಅದೇ ಮನೆಯಲ್ಲಿದ್ದಾಳೆ. ಮೊನ್ನೆ ಬಿಪಿ ನೋಡಿಸಲು ಬಂದಿದ್ದಳು, ಗಂಡ ಪಕ್ಕದಲ್ಲೇ ಇದ್ದ. "ಮೂತ್ರ ಪರೀಕ್ಷೆ ಮಾಡಲ್ವಾ ಅಕ್ಕ?" ಅಂತ ಅವಳೇ ಕೇಳಿದಳು.